ಪ್ಲಿಮತ್‌ನಿಂದ ವೆಸ್ಟ್‌ಮಂಟ್‌ಗೆ, ರಸ್ತೆಯಲ್ಲಿ

ಡೆಟ್ರಾಯಿಟ್‌ನಿಂದ ಮಧ್ಯಾಹ್ನ ಮೂರಕ್ಕೆ ಹೊರಡುವ ವಿಮಾನ ಶಿಕಾಗೋದಲ್ಲಿ ಮೂರೂಕಾಲಿಗೆ ಇಳಿಯುತ್ತದೆ. ಹಾರುವುದು ಮಾತ್ರ ಒಂದೂಕಾಲು ಗಂಟೆ. ಮಂಡ್ಯದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಲೆಕ್ಕ ಕಲಿಸಿದ ನಾನು ಆ ಟಿಕೆಟ್ಟನ್ನು ಮೊದಲ ಸಲ ನೋಡಿದಾಗ ಅಚ್ಚಿನ ತಪ್ಪು ಎಂದುಕೊಂಡೆ. ಶಿಕಾಗೋದ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ ಎಂದು ನನ್ನ ಗಂಡ ರಘು ಬಿಡಿಸಿ ಹೇಳಿದರು. ಒಂದೇ ದೇಶದೊಳಗೆ ಎರಡು ಹೊತ್ತು.

ರಘುವನ್ನು ಮದುವೆಯಾಗಿ ಮಿಷಿಗನ್‌ನ ಪ್ಲಿಮತ್‌ಗೆ ಬಂದಾಗ ನನಗೆ ನಲವತ್ತೆಂಟು. ಅವರ ಮೊದಲ ಹೆಂಡತಿ ತೀರಿಕೊಂಡು ಐದು ವರ್ಷವಾಗಿತ್ತು. ಮಗಳು ನಿಧಿ ಇಲ್ಲೇ ಹುಟ್ಟಿದವಳು. ಶಿಕಾಗೋ ಪಕ್ಕದ ವೆಸ್ಟ್‌ಮಂಟ್‌ನಲ್ಲಿದ್ದುಕೊಂಡು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಆಗಿದ್ದಾಳೆ. ಅಮ್ಮನ ತಿಥಿಗೆ ಬೆಳಗಿನ ವಿಮಾನದಲ್ಲಿ ಬಂದು ಮಧ್ಯಾಹ್ನದ್ದರಲ್ಲಿ ಹೊರಟುಬಿಡುವಳು. ನನ್ನನ್ನು ಆಂಟಿ ಎನ್ನುತ್ತಿದ್ದಳು. ಮರ್ಯಾದೆ ತಪ್ಪುತ್ತಿರಲಿಲ್ಲ, ಹತ್ತಿರವೂ ಬರುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಆ ಮಧ್ಯಾಹ್ನದ ವಿಮಾನ ರದ್ದಾಯಿತು. ಮಾರನೆಯ ಬೆಳಿಗ್ಗೆ ಅವಳಿಗೆ ಡ್ಯೂಟಿ. ಬಾಡಿಗೆಗೆ ಕಾರು ಎಲ್ಲೂ ಸಿಗಲಿಲ್ಲ. ರಘುಗೆ ಕಣ್ಣಿನ ಆಪರೇಷನ್ ಆಗಿ ನಾಲ್ಕು ದಿನವಾಗಿತ್ತಷ್ಟೆ. ಕೊನೆಗೆ, ನಮ್ಮ ಕಾರನ್ನು ಅವಳು ಓಡಿಸುವುದು, ಜೊತೆಗೆ ಹೋದ ನಾನು ಅದನ್ನು ವಾಪಸು ತರುವುದು ಎಂದಾಯಿತು. ನಾನು ಒಪ್ಪಿಕೊಂಡೆ. ಲೈಸೆನ್ಸ್ ಬಂದು ಆರು ತಿಂಗಳಾಗಿದ್ದರೂ ದಿನಸಿ ಅಂಗಡಿ ದಾಟಿ ಓಡಿಸಿರಲಿಲ್ಲ ಎಂಬುದನ್ನು ಮಾತ್ರ ನೆನಪಿಸಲಿಲ್ಲ.

ಇನ್ನೂರೆಪ್ಪತ್ತು ಚಿಲ್ಲರೆ ಮೈಲಿ. ನಮ್ಮ ಕಡೆ ಮೈಸೂರಿಂದ ಹುಬ್ಬಳ್ಳಿಗೆ ಹೋದಷ್ಟು. ಅಲ್ಲಿ ಬಸ್ಸಿನಲ್ಲಾದರೆ ಅರಸೀಕೆರೆ ಬರುವಷ್ಟರಲ್ಲಿ ಪಕ್ಕದವರ ಮನೆ ಕಥೆಯೆಲ್ಲ ತಿಳಿದಿರುತ್ತದೆ. ಇಲ್ಲಿ ನಾವಿಬ್ಬರು ಎರಡು ಗಂಟೆ ಹವಾಮಾನ ಬಿಟ್ಟು ಬೇರೇನೂ ಆಡಲಿಲ್ಲ.

ಕಲಮಜೂ ಊರಿನ ಹತ್ತಿರ ನಿಧಿ ಇದ್ದಕ್ಕಿದ್ದಂತೆ ಎಕ್ಸಿಟ್ ತೆಗೆದುಕೊಂಡಳು. ಹೆದ್ದಾರಿಯಿಂದ ಊರಿಗೆ ಇಳಿಯುವ ಕವಲು ಅದು. ಪೆಟ್ರೋಲ್ ಬಂಕಿನ ಮುಂದೆ ಕಾರು ನಿಲ್ಲಿಸಿ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತಳು.

“ಇವತ್ತು ಸಾರು ತುಂಬಾ ಚೆನ್ನಾಗಿತ್ತು ಆಂಟಿ,” ಎಂದಳು. “ಅಮ್ಮನ ತಿಥಿ ದಿನ ನಿಮ್ ಅಡುಗೆ ಎಂಜಾಯ್ ಮಾಡಿದೆ. ಐ ಫೆಲ್ಟ್ ಸೋ ಗಿಲ್ಟಿ.”

“ಅದು ನಿಮ್ಮಮ್ಮಂದೇ ಸಾರು ಕಣೇ. ಡ್ರಾಯರಲ್ಲಿ ಅವ್ರು ಬರೆದಿಟ್ಟಿದ್ದ ಚೀಟಿ ಸಿಕ್ತು. ಮೆಣಸು ಎಷ್ಟು, ಜೀರಿಗೆ ಎಷ್ಟು ಅಂತ ನೋಡ್ಕೊಂಡೇ ಮಾಡಿದ್ದು.”

ಅವಳು ಮತ್ತೆ ಅತ್ತಳು, ಈ ಸಲ ನನ್ನ ಭುಜಕ್ಕೆ ಒರಗಿ. ಆ ಸ್ಥಿತಿಯಲ್ಲಿ ಅವಳು ಓಡಿಸುವಂತಿರಲಿಲ್ಲ. ನಾವು ಸೀಟು ಬದಲಿಸಿಕೊಂಡೆವು. ಲಾರಿಗಳ ನಡುವೆ ಹೆದ್ದಾರಿ ಸೇರುವಾಗ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದೆ. ಅವಳು ಮೂಗೊರೆಸಿಕೊಳ್ಳುತ್ತಲೇ ಯಾವ ಲೇನ್, ಯಾವ ಎಕ್ಸಿಟ್ ಎಂದು ಹೇಳಿಕೊಡುತ್ತಾ ಬಂದಳು. ನಡುನಡುವೆ ಅಮ್ಮನ ವಿಷಯ ಹೇಳಿದಳು: ಹಿಮ ಬಿದ್ದ ದಿನ ಶಾಲೆಗೆ ಕಳಿಸದೆ ಪಗಡೆ ಆಡಿಸುತ್ತಿದ್ದುದು, ಆಟದಲ್ಲಿ ಮೋಸ ಮಾಡುತ್ತಿದ್ದುದು. ಬಿಸಿಲಿರುವಾಗಲೇ ವೆಸ್ಟ್‌ಮಂಟ್ ತಲುಪಿದೆವು. ಎರಡು ದಿನ ಇದ್ದು ಹೋಗಿ ಎಂದು ಅವಳೇ ಕೇಳಿದಳು.

ಮಾರನೆಯ ದಿನ ಅವಳು ಕೆಲಸಕ್ಕೆ ಹೋದ ಮೇಲೆ ಮಂಡ್ಯದಿಂದ ತಮ್ಮ ಫೋನ್ ಮಾಡಿದ. ಎಲ್ಲಿದೀಯ ಎಂದು ಕೇಳಿದ್ದಕ್ಕೆ ಮಗಳ ಮನೇಲಿ ಎಂದೆ. ಹಾಗೆ ಅಂದದ್ದು ಅದೇ ಮೊದಲು. ಅವನು, “ಊರಿಗೆ ಯಾವಾಗ ಬರ್ತೀಯಕ್ಕ?” ಎಂದ. ಬರ್ತೀನೋ ಎಂದೆ. ಫೋನಿಟ್ಟು, ನಿಧಿ ಸಂಜೆ ಬರುವಷ್ಟರಲ್ಲಿ ದೋಸೆಗೆ ರುಬ್ಬಿಡೋಣವೆಂದು ಅಕ್ಕಿ ನೆನೆಹಾಕಿದೆ. ಪ್ಲಿಮತ್‌ನಲ್ಲಿ ರಘು ಒಬ್ಬರೇ ಊಟಕ್ಕೇನು ಮಾಡಿಕೊಂಡರೋ ಎಂದು ಮನಸ್ಸು ಅತ್ತ ಎಳೆಯುತ್ತಲೇ ಇತ್ತು.