ಮೂರು ಚಮಚ ಸಕ್ಕರೆ

ಗಿರಿಜಳ ಡಿಕಾಕ್ಷನ್ನಿಗೆ ಸಕ್ಕರೆ ಹಾಕಿದವಳು ನಾನು. ಕುಡಿಯುವುದಕ್ಕಲ್ಲ — ಅವಳು ಚಿತ್ರ ಬರೆಯಲು ಇಟ್ಟುಕೊಂಡಿದ್ದ ಡಿಕಾಕ್ಷನ್ನಿಗೆ. ಗೊತ್ತಿದ್ದೂ ಹಾಕಿದೆ. ನಾಲ್ಕು ವರ್ಷ ಬಾಯಿ ಬಿಡಲಿಲ್ಲ.

ವಿಜಯನಗರದಲ್ಲಿ ನಮ್ಮಿಬ್ಬರದೂ ಅಕ್ಕಪಕ್ಕದ ಮನೆ. ಮಾರ್ಕೆಟ್ ಹಿಂದಿನ ಮಹಡಿಯಲ್ಲಿ ಶನಿವಾರ ಮಧ್ಯಾಹ್ನ ಕಾಫಿಯಿಂದ ಚಿತ್ರ ಬರೆಯುವುದನ್ನು ಕಲಿಸುತ್ತಾರೆಂದು ಅವಳನ್ನು ಎಳೆದುಕೊಂಡು ಹೋದವಳೂ ನಾನೇ. ನನ್ನ ಬಳಿ ಹೊಸ ಬ್ರಷ್ಷುಗಳ ಇಡೀ ಸೆಟ್ಟು. ಅವಳ ಬಳಿ ಮಗಳು ಸ್ಕೂಲಿಗೆ ಬಳಸಿ ಬಿಟ್ಟ ಎರಡೇ ಎರಡು. ಅವಳಿಗೆ ಅಷ್ಟೇ ಸಾಕಾಯಿತು. ಫಿಲ್ಟರಿನ ಮೊದಲ ಡಿಕಾಕ್ಷನ್ ಕೂದಲಿಗೆ, ಎರಡನೆಯದು ಮುಖಕ್ಕೆ, ಮೂರನೆಯ ಸಲ ಇಳಿದ ತೆಳು ನೀರು ಆಕಾಶಕ್ಕೆ — ಅಡುಗೆಮನೆಯಲ್ಲಿ ಕಲಿತದ್ದರಲ್ಲೇ ಬಣ್ಣ ತೆಗೆದಳು. ಮೇಷ್ಟ್ರು ಅವಳ ಹಾಳೆಯ ಮುಂದೆ ನಿಂತರೆ ಕದಲುತ್ತಿರಲಿಲ್ಲ. ನನ್ನದಕ್ಕೆ "ಚೆನ್ನಾಗಿದೆ ಮೇಡಂ" ಎಂದು ಮುಂದೆ ಹೋಗುತ್ತಿದ್ದರು. ನನಗೆ ಹೊಟ್ಟೆ ಉರಿಯಿತು. ಅದಕ್ಕೆ ಬೇರೆ ಹೆಸರು ಹುಡುಕಿ ಪ್ರಯೋಜನವಿಲ್ಲ.

ಮೇಷ್ಟ್ರು ನಮ್ಮೆಲ್ಲರ ಚಿತ್ರಗಳದೊಂದು ಪ್ರದರ್ಶನ ಇಟ್ಟುಕೊಂಡಿದ್ದರು. ಅದಕ್ಕೆಂದು ಅವಳು ತನ್ನ ಅಪ್ಪನನ್ನು ಬರೆದಳು. ಬಿನ್ನಿಪೇಟೆಯ ಮಿಲ್ಲಿನಲ್ಲಿ ದುಡಿದು ತೀರಿಕೊಂಡವರು. ಮನೆಯಲ್ಲಿ ಅವರದೊಂದು ಫೋಟೋ ಕೂಡ ಇರಲಿಲ್ಲ. ನೆನಪಿನಿಂದಲೇ ಮುಖ ಹಿಡಿದಿದ್ದಳು. ಕೊನೆಯ ಸಲ ಬಣ್ಣ ಬಳಿಯುವ ದಿನ ಅವಳು ನೀರು ತರಲು ಎದ್ದು ಹೋದಳು. ನಾವೆಲ್ಲ ಕುಡಿಯುವ ಕಾಫಿಗೆ ಇಟ್ಟ ಸಕ್ಕರೆ ಡಬ್ಬಿ ಪಕ್ಕದಲ್ಲೇ ಇತ್ತು. ಸಿಹಿ ಸೇರಿದರೆ ಚಿತ್ರ ಒಣಗುವುದಿಲ್ಲ, ಇರುವೆ ಮುತ್ತುತ್ತದೆ ಎಂದು ಮೇಷ್ಟ್ರು ಮೊದಲ ದಿನವೇ ಹೇಳಿದ್ದರು. ಮೂರು ಚಮಚ. ಬಿಸಿಗೆ ಕ್ಷಣದಲ್ಲಿ ಕರಗಿತು.

"ಎಷ್ಟು ಹೊಳಪು ಬಂದಿದೆ ನೋಡೇ ಸುಮಾ!" ಎಂದು ಅಪ್ಪನ ಕೆನ್ನೆಗೆ ಬಳಿಯುತ್ತ ಅವಳು ಹಿಗ್ಗಿದಳು. ನಾನು — ನೋಡಿದೆ, ತಲೆಯಾಡಿಸಿದೆ.

ಪ್ರದರ್ಶನದ ಬೆಳಿಗ್ಗೆ ಆ ಮುಖದ ತುಂಬ ಇರುವೆ. ಅವಳು ಸೆರಗಿನ ತುದಿಯಿಂದ ಮೆಲ್ಲನೆ ಒರೆಸಿದಳು. ಇರುವೆಯ ಜೊತೆ ಕಣ್ಣು, ಮೀಸೆಯೂ ಹೋದವು. ಆಗಲಾದರೂ ನಾನು — ಇಲ್ಲ. "ಕುಡಿದ ಲೋಟದಲ್ಲೇ ಡಿಕಾಕ್ಷನ್ ಹಾಕ್ಕೊಂಡಿರ್ತೀಯ ಕಣೇ, ನಿಂಗೆ ಗಮನ ಎಲ್ಲಿರುತ್ತೆ?" ಎಂದುಬಿಟ್ಟೆ. ಸಕ್ಕರೆಗಿಂತ ಆ ಮಾತು ದೊಡ್ಡ ಪಾಪ. ಅವಳು ನಂಬಿದಳು. "ನನ್ನ ಕೈಗೆ ಇದು ಆಗಿಬರಲ್ಲ ಬಿಡೇ" ಎಂದವಳು ಮತ್ತೆ ಬ್ರಷ್ ಮುಟ್ಟಲಿಲ್ಲ. ನಾನು ಮಾತ್ರ ನಾಚಿಕೆಯಿಲ್ಲದೆ ಬರೆಯುತ್ತಲೇ ಇದ್ದೆ. ಆದರೆ ಪ್ರತಿ ಸಲ ಡಿಕಾಕ್ಷನ್ ಇಳಿಸುವಾಗ —

ಈಗ ಅವಳಿರುವುದು ಕೆಂಗೇರಿಯಲ್ಲಿ. ಹೋದ ಶನಿವಾರ ಮೂರು ಡಿಕಾಕ್ಷನ್ನೂ ಮೂರು ಬಾಟಲಿಗೆ ತುಂಬಿಕೊಂಡು ಮೆಟ್ರೋ ಹತ್ತಿದೆ. ಒಳಗೆ ಕಾಲಿಟ್ಟರೆ ಧೈರ್ಯ ಹೋದೀತೆಂದು ಬಾಗಿಲಲ್ಲೇ ಹೇಳಿದೆ. "ಗಿರಿಜಾ, ಅವತ್ತು ಸಕ್ಕರೆ ಹಾಕಿದ್ದು ನಾನು. ಬೇಕಂತಲೇ ಹಾಕ್ದೆ."

ಬೈಯುತ್ತಾಳೆಂದುಕೊಂಡಿದ್ದೆ; ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಬಹಳ ಹೊತ್ತು ತನ್ನ ಬಲಗೈಯನ್ನೇ ನೋಡಿಕೊಂಡಳು.

"ಹಾಗಾದ್ರೆ ಅಪ್ಪನ್ನ ಕೆಡಿಸಿದ್ದು ನನ್ನ ಕೈಯಲ್ಲ," ಎಂದಳು.

ಒಳಗೆ ಬಾ ಎನ್ನಲಿಲ್ಲ. ಎನ್ನಬೇಕಾಗಿಯೂ ಇರಲಿಲ್ಲ. ಬಾಟಲಿಗಳನ್ನು ಮಾತ್ರ ತೆಗೆದುಕೊಂಡಳು. ನಾನು ಮೆಟ್ಟಿಲಿಳಿಯುತ್ತ ತಿರುಗಿ ನೋಡಿದಾಗ ಒಂದರ ಮುಚ್ಚಳ ತೆಗೆದು, ಬೆರಳದ್ದಿ, ನಾಲಿಗೆಯ ಮೇಲಿಟ್ಟು ರುಚಿ ನೋಡುತ್ತಿದ್ದಳು. ನನ್ನನ್ನು ಇನ್ನು ಹಾಗೆಯೇ ನಂಬಬೇಕು ಅವಳು, ನೋಡಿಯೇ ನಂಬಬೇಕು. ಆಮೇಲೆ ಒಳಗೆ ತಿರುಗಿ ಮಗಳನ್ನು ಕೂಗಿದಳು — "ಪುಟ್ಟೀ, ನಿನ್ನ ಹಳೇ ಬ್ರಷ್ ಎಲ್ಲಿಟ್ಟಿದೀಯೇ?"