ದುಂಡವ್ವನ ಮಣ್ಣಿಗೆ ಬಂದಾವರು

ನಮ್ಮತ್ತಿ ದುಂಡವ್ವನ ಬಾಯಾಗ ಮಣ್ಣ ಬಿಟ್ರ ಬ್ಯಾರೆ ಮಾತ ಇರಲಿಲ್ಲ. ಕೋಳಿ ಕಟ್ಟಿ ಏರಿದ್ರ "ನಿನ್ನ ಬಾಯಾಗ ಮಣ್ಣ ಬೀಳ್ಲಿ" ಅನ್ನಾಕಿ. ಎತ್ತ ನೊಗಕ್ಕ ಹೆಗಲ ಕೊಡದಿದ್ರ "ಮಣ್ಣಗೂಡ್ಲಿ ನಿನ್ನ ಸೊಕ್ಕ" ಅನ್ನಾಕಿ. ಗಂಡ ಬದುಕಿದ್ದಾಗ ಅವಗೂ ಬಿಟ್ಟಿರಲಿಲ್ಲಂತ. ಊಟಕ್ಕ ಏನ ಮಾಡೀದಿ ಅಂತ ಕೇಳಿದ್ರ "ಮಣ್ಣ ಮಾಡೇನಿ, ಬಾ ತಿನ್ನು" ಅಂತ ಕರದು, ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ಹಾಕಿ ಕೊಡ್ತಿದ್ಲಂತ.

ನಾ ಪಾರವ್ವ, ಹುಕ್ಕೇರಿ ಕಡೆ ಕಣಗಲಾದಾಕಿ. ಮದುವಿ ಆಗಿ ಕುಲಗೋಡಕ್ಕ ಬಂದ ಮದಲನೇ ದಿನ ನಾ ಬಡದ ರೊಟ್ಟಿ ನಮ್ಮತ್ತಿ ಎತ್ತಿ ಹಿಡದು ನೋಡಿದ್ಲು. "ನಿಮ್ಮೂರಾಗ ರೊಟ್ಟಿಗೂ ಮಣ್ಣಹೆಂಟಿಗೂ ಫರಕ ಇಲ್ಲೇನ?" ಅಂದ್ಲು. ನಾ ಒಳಗ ಹೋಗಿ ಅತ್ತೆ. ನನ್ನ ಗಂಡ ಲಗಮಪ್ಪ ಹಿಂದ ಬಂದು ನಕ್ಕ.

"ಅಳಬ್ಯಾಡ ಹುಚ್ಚಿ. ಅವ್ವ ಬೈದ್ರ ಏನೂ ಆಗೂದಿಲ್ಲ. ಬೈಯೂದ ಬಿಟ್ಲಂದ್ರ ಆಗ ಅಂಜು" ಅಂದ.

ನಮ್ಮ ಬಾಜೂ ಮನಿ ಖಾತುನಬೀದು. ಆಕಿ ಮಗ ರಮಜಾನಸಾಬ ಮತ್ತ ನನ್ನ ಗಂಡ ಇಬ್ರೂ ಒಂದ ವಾರಿಗಿ, ಒಂದ ವಯಸ್ಸಿನಾವರು, ಜೀವದ ದೋಸ್ತರು. ಲಗಮಪ್ಪ ಸಣ್ಣಾಂವ ಇದ್ದಾಗ ನಮ್ಮತ್ತಿ ಹೊಲಕ್ಕ ಹೋದ್ರ ಅಂವ ಖಾತುನಬಿ ಬಗಲಾಗ ಬೆಳದಾಂವ. ಎರಡೂ ಮನಿ ನಡುವಿನ ಗಿಡ್ಡ ಗ್ವಾಡಿ ಮ್ಯಾಲಿಂದ ಇಬ್ರೂ ಹೆಣ್ಮಕ್ಕಳು ದಿನಾ ಬೈದಾಡ್ಕೊಂತನ ಕೊತಂಬರಿ, ಮೆಣಸಿನಕಾಯಿ ಕೊಟ್ಟ ತಗೋತಿದ್ರು. ನಮ್ಮತ್ತಿ "ನಿನ್ನ ಮಾರಿಗೆ ಮಣ್ಣ ಹಾಕ್ಲಿ" ಅಂದ್ರ ಖಾತುನಬಿ "ಹಾಕವಾ, ನಿನ್ನ ಕೈಲೇನ ಹಾಕು" ಅಂತಿದ್ಲು.

ಜರ್ಮನಿ ಲಡಾಯಿ ಸುರು ಆಗೂಕಿಂತ ಮದಲಿನ ಮಾತಿದು. ನನ್ನ ಮದುವಿ ಆಗಿ ಇನ್ನೂ ವರ್ಸ ತುಂಬಿರಲಿಲ್ಲ, ಊರಾಗ ಇಲಿ ಸತ್ತ ಬೀಳಾಕ ಹತ್ತಿದ್ವು. ಇಲಿ ಹಿಂದ ಮಂದಿ ಬಿದ್ರು. ಪಿಳೇಗು! ಇವತ್ತ ಜ್ವರಾ ಬಂದ್ರ ನಾಳೆ ಬಗಲಾಗ ಗಡ್ಡಿ, ನಾಡದು ಮನ್ಯಾಗ ಅಳು. ಮಂದಿ ಬಾಗಲಾ ಹಾಕಿ ಹೊಲದಾಗ ಗುಡಸಲಾ ಹಾಕ್ಕೊಂಡ್ರು, ನಾವೂ ಹೋದ್ವಿ. ಪಿಳೇಗಿನ ಹೆಣಾ ಊರ ಸನೇಕ ಬ್ಯಾಡಂತ ಪಾಟೀಲರು ಹಳ್ಳದ ಆಚಿ ಒಂದ ಬೀಳ ನೆಲ ತೋರಿಸಿದ್ರು. ಲಿಂಗವಂತರಿರ್ಲಿ ಮುಸಲ್ಮಾನ್ರಿರ್ಲಿ, ಆ ವರ್ಸ ಎಲ್ಲಾರೂ ಅಲ್ಲೇ.

ನಾವೂ ಸತ್ತಾವರ್ನ ಸುಡೂದಿಲ್ಲ, ಅವರೂ ಸುಡೂದಿಲ್ಲ. ಕುಣ್ಯಾಗ ಇಟ್ಟ ಮ್ಯಾಲ ಬಂದಾವರೆಲ್ಲಾ ಒಂದೊಂದ ಹಿಡಿ ಮಣ್ಣ ಹಾಕಬೇಕು. ಮದಲನೇ ಹಿಡಿ ಹೊಟ್ಟಿ ಮಗಂದು. ಅದಕ್ಕ ಸತ್ತಲ್ಲಿ ಹೋಗೂದಕ್ಕ ನಾವು ಮಣ್ಣಿಗೆ ಹೋಗೂದು ಅಂತೇವಿ. ಮಾತ ಬಿಟ್ಟ ಹಗಿನೂ ಮಣ್ಣಿಗೆ ಬರ್ತಾನ. ನನ್ನ ಮಣ್ಣಿಗೆ ಬರಬ್ಯಾಡ ಅಂತ ಒಬ್ರಿಗೆ ಅಂದ್ರ ಅದರಕಿಂತ ಕೆಟ್ಟ ಬೈಗಳ ನಮ್ಮ ಕಡೆ ಇಲ್ಲ.

ಒಂದ ಮಧ್ಯಾಹ್ನ ರಮಜಾನಸಾಬ ನಮ್ಮ ಗುಡಸಲದಿಂದ ದೂರ, ಬದುವಿನ ಮ್ಯಾಲ ಬಂದ ನಿಂತ. ಸನೇಕ ಬರಲಿಲ್ಲ. "ಅಮ್ಮಾ ಹೋದ್ಲು" ಅಂದ. ಹೆಗಲ ಕೊಡಾಕ ಬಾ ಅಂತ ಕೇಳಲಿಲ್ಲ. ಅವರ ಮಂದಿ ಅಷ್ಟೂ ಊರ ಬಿಟ್ಟಿದ್ರು. ಒಬ್ಬಾಂವ ಹೆಣಾ ಹ್ಯಾಂಗ ಎತ್ತಬೇಕು?

ಲಗಮಪ್ಪ ಎದ್ದು ಗುದ್ಲಿ ತಗೊಂಡ. ನಮ್ಮತ್ತಿ ಬಾಗಲದಾಗ ಅಡ್ಡ ನಿಂತ್ಲು.

"ಹೋಗಬ್ಯಾಡ."

"ನನ್ನ ಎತ್ತಿ ಆಡಿಸಿದಾಕಿ ಯವ್ವಾ. ಆಕಿಗೆ ಒಂದ ಹಿಡಿ ಮಣ್ಣ ಹಾಕಬಾರದೇನ?"

"ಆಕಿ ಸತ್ತಾಳ. ನೀ ಇನ್ನೂ ಇದ್ದೀಯಲ್ಲೋ!"

ಅಂವ ಮೆಲ್ಲಕ ಆಕಿ ತೋಳ ಹಿಡದ ಬಾಜೂ ಸರಸಿದ. ಅಂಜಿಕೀಗೆ ಆಕಿಗೆ ಬ್ಯಾರೆ ಮಾತ ಎಲ್ಲಿ ಬರಬೇಕು? ಬಾಯಾಗಿದ್ದದ್ದ ಬಂತು.

"ಹೋದ್ರ ನೋಡ! ನಾ ಸತ್ರ ನನ್ನ ಮಣ್ಣಿಗೆ ಬರಬ್ಯಾಡ!"

ಆಕಿ ಬೈಗಳ ತಿಂದ ಬೆಳದಾಂವ ಅಂವ, ನಕ್ಕ. "ಆತ ಬಿಡಬೇ, ಬರೂದಿಲ್ಲ" ಅಂದು ಬದುವಿನ ಮ್ಯಾಲ ಹೋದ.

ಆ ವಾರಾ ತುಂಬೂದರಾಗ ಅಂವಗ ಜ್ವರಾ ಬಂತು. ತೊಡಿ ಸಂದ್ಯಾಗ ಗಡ್ಡಿ ಎದ್ದಿತು. ನಮ್ಮತ್ತಿ ಅವನ್ನ ತೊಡಿ ಮ್ಯಾಲ ಹಾಕ್ಕೊಂಡ ಕುಂತ್ಲು, ನನ್ನ ಮಾತ್ರ ಒಳಗ ಬಿಡಲಿಲ್ಲ. ನಾ ನುಗ್ಗಿ ಹೋದ್ರ ಕಾಲೀಲೆ ಒದ್ದ ಹೊರಗ ಹಾಕಿದ್ಲು. "ದೂರ ಸರಿ, ಮಣ್ಣಗೂಡಿ! ನೀನೂ ಸಾಯಬೇಕಂತಿ ಏನ?" ಅಂದ್ಲು. ಗಂಡನ ಬಾಯಿಗೆ ಒಂದ ಗುಟಕ ನೀರ ಹಾಕೂ ಭಾಗ್ಯಾನೂ ನನಗ ಕೊಡಲಿಲ್ಲ ಆಕಿ. ತಟ್ಟಿ ಹೊರಗ ನಿಂತ ನಾ ಸಂದ್ಯಾಗಿಂದ ನೋಡೇನಿ, ಆಕಿ ಎರಡೂ ಅಂಗೈ ನೆಲಕ್ಕ ಊರಿ ಬಡಬಡಿಸಾಕ ಹತ್ತಿದ್ಲು.

"ಅಂದ ಮಾತ ಹೊಳ್ಳಿ ತಗೊಂಡೇನೋ ಲಗಮಾ. ನೀನ ಬರಬೇಕು ನನ್ನ ಮಣ್ಣಿಗೆ. ಮದಲನೇ ಹಿಡಿ ನಿಂದ ಆಗಬೇಕು. ಹೂಂ ಅನ್ನೋ ನಮ್ಮಪ್ಪಾ, ಒಂದ ಸಲ ಹೂಂ ಅನ್ನು."

ಅಂವ ಹೂಂ ಅನ್ನಲಿಲ್ಲ. ಹೊತ್ತ ಏರೂದರಾಗ ಹೋದ.

ರಮಜಾನಸಾಬ ಬಂದ. ಅಂವ ಒಂದ ಕಡೆ, ನಮ್ಮತ್ತಿ ಒಂದ ಕಡೆ ಹಿಡದು ಕಂಬಳ್ಯಾಗ ಹೊತ್ತ ಒಯ್ದ್ರು. ಖಾತುನಬಿ ಬಾಜೂನ ಕುಣಿ ತಗದ್ರು. ನನಗ ಅತ್ತಿ ದೂರದಿಂದನ ಒಂದ ಹಿಡಿ ಒಗಿ ಅಂದ್ಲು. ಒಗದೆ. ಅದು ಕುಣ್ಯಾಗ ಬಿತ್ತೋ ಹೊರಗ ಬಿತ್ತೋ, ಇವತ್ತಿಗೂ ನನಗ ಗೊತ್ತಿಲ್ಲ.

ಅವತ್ತಿನಿಂದ ನಮ್ಮತ್ತಿ ಬೈಯೂದ ಬಿಟ್ಲು. ಕೋಳಿ ಕಟ್ಟಿ ಏರ್ಲಿ, ಎಮ್ಮಿ ಹಾಲ ಒದೀಲಿ, ಗಪ್ಪ. ಮಣ್ಣ ಅನ್ನೂ ಶಬ್ದಾನ ಆಕಿ ಬಾಯಾಗ ಬರಲಿಲ್ಲ. ಮಳೀಗೆ ಮಾಳಗಿ ಸೋರಿದ್ರ, ಮ್ಯಾಲ ಹಾಕಾಕ ಮಣ್ಣ ತಾ ಅನ್ನಾಕೂ ಬಾಯಿ ಬಿಡದ, ಖಾಲಿ ಬುಟ್ಟಿ ತೋರಿಸಿ ಕೈ ಸನ್ನಿ ಮಾಡಾಕಿ. ಮನಿ ಬಣಬಣ ಅಂತಿತ್ತು. ಲಗಮಪ್ಪ ಅಂದಿದ್ದ ಮಾತ ನೆಪ್ಪಾಗಿ ನನಗ ಖರೇನ ಅಂಜಿಕಿ ಬರ್ತಿತ್ತು.

ಕಣಗಲಾದಿಂದ ನಮ್ಮಪ್ಪ ಬಂದ. ಉಡಿಕಿ ಮಾಡಿ ಇನ್ನೊಂದ ಮನೀಗೆ ಕೊಡ್ತೇನಿ, ನಡಿ ಅಂದ. ನಾ ಹೋಗಲಿಲ್ಲ. ಊರ ಮಂದಿ, ಎಂಥಾ ಪತಿವ್ರತಿ ಅಂದ್ರು. ಏನ ಮಣ್ಣೂ ಅಲ್ಲ! ಸಿಟ್ಟಿಗೆ ಉಳದೆ ನಾ. ಗಂಡನ ತಿಂದ ಈ ಮುದಿಕಿ ಎದಿ ಮ್ಯಾಲ ಕುಂದ್ರಬೇಕಂತ ಉಳದೆ. ಸಣ್ಣ ಮಾತಿಗೆ ಜಗಳಾ ಬಂದ್ರೂ ನಾ ಹಳೇ ಗಾಯಾನ ಕೆದರಾಕಿ. "ನಿನ್ನ ಮಣ್ಣಿಗೆ ಬರಬಾರ್ದಂತನ ನಿನ್ನ ಮಗ ಮುಂಚೆ ಹೋದ. ನೀ ಹೇಳೀದಿ, ಅಂವ ನಡಿಸಿದ" ಅಂತಿದ್ದೆ. ಆಕಿ ತಲಿ ಕೆಳಗ ಹಾಕಿ ಜ್ವಾಳಾ ಬೀಸಾಕಿ.

ಹಂಗ ಜಗ್ಗಿಕೊಂತ ಜಗ್ಗಿಕೊಂತ ನನ್ನ ತಲೀನೂ ಬೆಳ್ಳಗಾತು. ಇಬ್ರೂ ಹೆಂಗಸರು, ಒಂದ ಒಲಿ, ಒಂದ ಎಮ್ಮಿ. ಎರಡನೇ ಲಡಾಯಿ ಸುದ್ದಿ ಬರೂ ಹೊತ್ತಿಗೆ ಆಕಿ ಹಾಸಿಗಿ ಹಿಡದ್ಲು. ಒಂದ ದಿನ ಗಂಜಿ ಕುಡಸಾಕ ಹತ್ತಿದ್ದೆ, ನನ್ನ ಕೈ ಹಿಡದ್ಲು.

"ಪಾರವ್ವಾ, ಅಂವ ಬರ್ತಾನೇನ?"

"ಯಾರು?"

"ಲಗಮಾ. ನನ್ನ ಮಣ್ಣಿಗೆ."

ಇಷ್ಟ ವರ್ಸಾದ ಮ್ಯಾಲ ಆ ಶಬ್ದ ಆ ಬಾಯಿಂದ ಬಂದಿತ್ತು. ಬರೂದಿಲ್ಲ ಅಂತ ದಿನಾ ಚುಚ್ಚಿದಾಕಿ ನಾನ, ಇವತ್ತ ಆಕಿ ನನ್ನ ಕಡೇನ ಕೇಳಾಕ ಹತ್ತಾಳ. ಆಕಿ ಮಾರಿ ನೋಡಾಕ ಆಗಲಿಲ್ಲ ನನಗ.

"ಸುಮ್ನ ಬೀಳಬೇ. ನಾ ಕರಕೊಂಡ ಬರ್ತೇನಿ" ಅಂದೆ, ಸಿಟ್ಟೀಲೇನ.

"ಹೂಂ" ಅಂದ್ಲು. ಮರದಿನ ಮುಂಜಾನೆ ಮುಟ್ಟಿ ನೋಡಿದ್ರ ಮೈ ತಣ್ಣಗಾಗಿತ್ತು.

ಮಂದಿ ಕುಣಿ ತಗ್ಯಾಕ ಹೋದಾಗ ನಾ ರಮಜಾನಸಾಬನ ಮನೀಗೆ ಹೋದೆ. ಅಂವಗೂ ಬೆನ್ನ ಬಾಗಿತ್ತು. "ಅಣ್ಣಾ, ಲಗಮಪ್ಪನ ಇಟ್ಟ ಜಾಗಾ ತೋರಸು. ಒಂದ ಹಿಡಿ ಮಣ್ಣ ಬೇಕು" ಅಂದೆ. ಅಂವಗ ತಿಳೀತು. ಕೋಲ ಹಿಡದ ಬಂದ.

ಹಳ್ಳ ದಾಟಿ ನೋಡಿದ್ರ ಬೀಳ ನೆಲಾನ ಇರಲಿಲ್ಲ. ಯಾರೋ ಉತ್ತಿದ್ರು. ಮೊಣಕಾಲಮಟಾ ಜ್ವಾಳಾ ಎದ್ದಿತ್ತು.

"ಗುರುತಿಗೆ ಎರಡ ಕಲ್ಲ ಇಟ್ಟಿದ್ದೆ ವೈನಿ. ಇಲ್ಲೇ... ಅಲ್ಲ, ಆ ಜಾಲಿ ಗಿಡದ ಬುಡಕ." ಅಂವ ಅತ್ತ ಇತ್ತ ತಿರಗಿದ. "ಜಾಲಿ ಗಿಡಾನೂ ಇಲ್ಲಲ್ಲ ವೈನಿ." ಕಲ್ಲೆಲ್ಲಾ ಬದುವಿಗೆ ಒಗದಿದ್ರು, ಯಾರ ಕಲ್ಲ ಯಾವದು? ಅಂವ ಅಲ್ಲೇ ಕುಸದ ಕುಂತ, ಸಣ್ಣ ಹುಡುಗರಂಗ ಅತ್ತ. "ಇಬ್ರನ್ನೂ ಈ ಕೈಲೇ ಇಟ್ಟೇನಿ. ಈಗ ಎಲ್ಲೆಂತ ಹೇಳಾಕ ಬರವಲ್ದು."

ಅಲ್ಲಿ ಊರ ಹೆಣಾ ಕಡಿಮಿ ಬಿದ್ದಿದ್ವೇನ? ನಾ ಸೀರಿ ಸೆರಗ ಉಡಿ ಕಟ್ಟಿದೆ. ಜ್ವಾಳದ ಸಾಲಿನಾಗ ಬಗ್ಗಿದೆ. ಇಲ್ಲಿ ಒಂದ ಹಿಡಿ, ಅಲ್ಲಿ ಒಂದ ಹಿಡಿ, ಈ ಬದುವಿನಿಂದ ಆ ಬದುವಿನತನಾ ತುಂಬಕೊಂತ ಹೋದೆ. ಉಡಿ ಜಗ್ಗಿ ನಡಾ ನೋಯಾಕ ಹತ್ತಿತು.

"ಇಷ್ಟರಾಗ ಒಂದ ಹಿಡಿಯರ ಅವಂದ ಇರ್ತೈತಿ, ಹೌದಿಲ್ಲೋ ಅಣ್ಣಾ?"

"ಇರ್ತೈತಿ ವೈನಿ" ಅಂದ, ಕಣ್ಣ ಒರಸಿಕೊಂತ. "ನಮ್ಮ ಅಮ್ಮಾಂದೂ ಇರ್ತೈತಿ."

ನಾವು ಹೋಗೂದರಾಗ ಆಕಿನ್ನ ಕುಣ್ಯಾಗ ಕುಂಡ್ರಿಸಿದ್ರು. ನಮ್ಮಲ್ಲಿ ಮಲಗಸೂದಿಲ್ಲ, ಕುಂಡ್ರಸ್ತಾರ. ಮದಲನೇ ಹಿಡಿ ಯಾರದು ಅಂತ ಮಂತ್ರಾ ಹೇಳೂ ಅಯ್ಯನಾರು ಕೇಳಿದ್ರು. ಭಾವಕಿ ದಾಯಾದಿಗಳಾಗ ಹಿರ್ಯಾ ಮುರಿಗೆಪ್ಪ ಮಣ್ಣಿಗೆ ಬಗ್ಗಿದ.

"ತಡೀರಿ ಮಾವಾ. ಮಗ ಬಂದಾನ" ಅಂದೆ.

ಮಂದಿ ಬೆಪ್ಪಾಗಿ ದಾರಿ ಬಿಟ್ರು. ಕುಣಿ ದಂಡಿಗೆ ಮೊಣಕಾಲೂರಿ ಸೆರಗ ಬಿಚ್ಚಿದೆ. ನನ್ನ ಉಡ್ಯಾಗಿಂದು ಅಷ್ಟೂ ಆಕಿ ಉಡ್ಯಾಗ ಬಿತ್ತು.

"ಬಂದಾನ ನೋಡಬೇ ನಿನ್ನ ಮಗ. ಖಾತುನಬೀನ್ನೂ ಸಂಗಾಟ ಕರಕೊಂಡ ಬಂದಾನ. ಬೈ ಇನ್ನ, ಎಷ್ಟ ಬೈತಿ ಬೈ."