ಬೀಗ ಬೀಳುವ ಹೊತ್ತು

ನಿನ್ನೆ ಅಂಚೆಯಲ್ಲಿ ಬಂದಿದ್ದ ಉದ್ದನೆಯ ಸುರುಳಿಯನ್ನು ಇವತ್ತು ಬೆಳಿಗ್ಗೆ ಬಿಚ್ಚಿದೆ. ಗೋಡೆ ಕ್ಯಾಲೆಂಡರು. ಮಸಿಯ ವಾಸನೆ ಇನ್ನೂ ಹೋಗಿರಲಿಲ್ಲ. ಪ್ರತಿ ವರ್ಷ ತಪ್ಪದೆ ಕಳಿಸುವವಳು ಗಿರಿಜಾ. ಕೆಳಗೆ ಅವಳ ಕಂಪ್ಯೂಟರ್ ತರಬೇತಿ ಕೇಂದ್ರದ ಹೆಸರು, ಮೂಲೆಯಲ್ಲಿ ರಾಹುಕಾಲದ ಪಟ್ಟಿ. ಆ ಪಟ್ಟಿಗೆ ಕೆಂಪು ಪೆನ್ನಿನಲ್ಲಿ ಒಂದು ಸುತ್ತು ಹಾಕಿಯೇ ಕಳಿಸುತ್ತಾಳೆ. “ಅಪ್ಪಾ, ಫೋನಲ್ಲೇ ಎಲ್ಲಾ ಇರತ್ತಲ್ಲ, ಇದ್ಯಾಕೆ?” ಎಂದಳು ಮಗಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಕಾಫಿ ಇದ್ದರೆ ಲೋಟ ಹಿಡಿದುಕೊಂಡೇ ಕೂತುಕೊಳ್ಳಿ.

ತೊಂಬತ್ತರ ದಶಕದ ಕೊನೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ವಧೂವರರ ಮಾಹಿತಿ ಕೇಂದ್ರವಿತ್ತು. ನಾನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಆರು ತಿಂಗಳ ಕೋರ್ಸ್ ಮುಗಿಸಿದವನಿಗೆ ಆಗ ಎಂಥ ಮರ್ಯಾದೆ ಅಂತೀರಿ! ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆ ಎಳೆದರೂ ಜನ ಬೆರಗಾಗುತ್ತಿದ್ದರು. ಯಜಮಾನತಿ ಲಲಿತಾ ಮೇಡಂ, ಮೂವತ್ತು ವರ್ಷದಿಂದ ರಿಜಿಸ್ಟರ್ ಬರೆಯುತ್ತಿದ್ದ ಮೂರ್ತಿಗಳು, ಬಾಗಲಕೋಟೆ ಕಡೆಯಿಂದ ಬಂದು ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದ ಗಿರಿಜಾ, ನಾನು. ನಾಲ್ಕು ಜನಕ್ಕೆ ನಾಲ್ಕು ಕಂಪ್ಯೂಟರ್. ಹುಡುಗ ಹುಡುಗಿಯರ ಹೆಸರು, ನಕ್ಷತ್ರ, ಗೋತ್ರ, ಎತ್ತರ ಎಲ್ಲವೂ ಒಂದೇ ಫೈಲಿನಲ್ಲಿ. ನಾಲ್ಕೂ ಕಡೆಯಿಂದ ಅದನ್ನೇ ತೆರೆಯುತ್ತಿದ್ದೆವು.

ಒಬ್ಬರು ಬರೆಯುವಾಗ ಇನ್ನೊಬ್ಬರು ಅದರ ಮೇಲೆಯೇ ಬರೆದು ಕಲಸಿಬಿಡಬಾರದಲ್ಲ? ಅದಕ್ಕೇ ಒಂದು ಹೊಸ ಹೆಸರು ತುಂಬಿ ಮುಗಿಸುವವರೆಗೆ ಉಳಿದವರಿಗೆ ಫೈಲು ಬೀಗ ಹಾಕಿಕೊಳ್ಳುತ್ತಿತ್ತು. ಒಂದೆರಡು ನಿಮಿಷದ ಮಾತು. ಆದರೆ ಗಿರಿಜಾ ಸೇರಿದ ವಾರವೇ ಮೂರ್ತಿಗಳೂ ರಿಜಿಸ್ಟರ್ ಬಿಟ್ಟು ಕಂಪ್ಯೂಟರಿಗೆ ಬಂದರು, ಆ ವಾರದಿಂದಲೇ ಬಿದ್ದ ಬೀಗ ಒಂದೂವರೆ ಗಂಟೆಯಾದರೂ ತೆರೆಯದ ಕಾಟ ಶುರುವಾಯಿತು. ತೆರೆಯ ಮೇಲೆ ‘ಬೇರೊಬ್ಬರು ಬಳಸುತ್ತಿದ್ದಾರೆ’ ಎಂಬ ಒಂದೇ ಸಾಲು. ಸಾಲಿನ ಕೊನೆಗೆ ಯಾವ ಕಂಪ್ಯೂಟರ್ ಎಂದೂ ಅದು ಹೇಳುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ನಾಲ್ಕೂ ಕಂಪ್ಯೂಟರಿಗೆ ಒಂದೇ ಹೆಸರಿಟ್ಟ ಸೋಮಾರಿ ನಾನೇ. ಎದುರಿಗೆ ಕುರ್ಚಿಯಲ್ಲಿ ಮಗಳ ಜಾತಕ ಹಿಡಿದುಕೊಂಡ ತಂದೆತಾಯಿಯರು ಕೂತು ಕೂತು ಎದ್ದು ಹೋಗುತ್ತಿದ್ದರು.

ಕೇಬಲ್ ಬದಲಾಯಿಸಿದೆ. ಎಲ್ಲರ ಕಂಪ್ಯೂಟರನ್ನೂ ಆರಿಸಿ ಹಚ್ಚಿದೆ. ಎಲ್ಲರದ್ದು ಅಂದರೆ ಮೂರ್ತಿಗಳದ್ದೊಂದನ್ನು ಬಿಟ್ಟು. ಹಿರಿಯರು, ಹೋಗಿ ಮುಟ್ಟಲು ಸಂಕೋಚ. ಕೇಳಿದರೆ ಕನ್ನಡಕದ ಮೇಲಿಂದ ನೋಡಿ, “ನಾನೇನೂ ಮಾಡ್ತಿಲ್ಲಪ್ಪಾ, ಸುಮ್ನೆ ಕೂತಿದೀನಿ” ಅನ್ನುತ್ತಿದ್ದರು. ಅದು ಅಪ್ಪಟ ನಿಜ. ಆ ನಿಜದ ಬೆಲೆ ನನ್ನ ಪೆದ್ದುತಲೆಗೆ ತಿಳಿಯಲಿಲ್ಲ ಅಷ್ಟೆ.

ಅನುಮಾನವೆಲ್ಲ ಗಿರಿಜಾ ಮೇಲೆ ಬಿತ್ತು. ಭಾನುವಾರವೂ ಆಫೀಸು ಇರುತ್ತಿದ್ದುದರಿಂದ ಅವಳಿಗೆ ಸೋಮವಾರ ರಜ. ಸೋಮವಾರ ಒಂದು ದಿನವೂ ತೊಂದರೆಯಿಲ್ಲ! ಇದನ್ನು ಮೇಡಂಗೆ ಹೇಳಿದ ಮಹಾನುಭಾವ ಯಾರು ಅಂತೀರಿ? ಈ ನಾನೇ. ಬುಧವಾರ ಮೇಡಂ ಎಲ್ಲರೆದುರೇ, “ಶುಕ್ರವಾರದವರೆಗೂ ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಗಿರಿಜಾ, ನೀನು ಬೇರೆ ಕಡೆ ನೋಡ್ಕೋಮ್ಮ” ಎಂದುಬಿಟ್ಟರು.

ಗುರುವಾರ ಬೆಳಿಗ್ಗೆ ಗಿರಿಜಾ ನನ್ನ ಮೇಜಿನ ಮುಂದೆ ಬಂದು ನಿಂತಳು. ಅಳುತ್ತಾಳೇನೋ ಎಂದು ಹೆದರಿದೆ. ಅಳಲಿಲ್ಲ. ಒಂದು ನೋಟ್‌ಬುಕ್ಕನ್ನು ಟಪ್ಪನೆ ಇಟ್ಟಳು.

“ನಾ ಏನೂ ಕೆಡಿಸಿಲ್ರೀ ಸರ. ಯಾವಾಗ ನಿಂತತಿ, ಯಾವಾಗ ಬಿಟ್ಟತಿ, ದಿನಾ ಬರದಿಟ್ಟೀನಿ. ಮಷೀನ್ ಕೆಡಿಸಿ ಬಂದೆ ಅಂತ ಊರಾಗ ಹೆಂಗ ಹೇಳ್ಲಿ? ಒಮ್ಮೆ ಕಣ್ ತಗದು ನೋಡ್ರಿ.”

ಕಣ್ಣು ತೆರೆದು ನೋಡಿದೆ. ಮೂರು ವಾರದ ಲೆಕ್ಕ. ಮಂಗಳವಾರ ಮೂರಕ್ಕೆ ಐದು ನಿಮಿಷ ಮುಂಚೆ ಬೀಗ, ನಾಲ್ಕೂವರೆಗೆ ಬಿಡುಗಡೆ. ಬುಧವಾರ ಹನ್ನೆರಡರಿಂದ ಒಂದೂವರೆ. ಗುರುವಾರ ಒಂದೂವರೆಯಿಂದ ಮೂರು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ಭಾನುವಾರ ನಾಲ್ಕೂವರೆಯಿಂದ ಆರು. ಶನಿವಾರ ಅವಳಿದ್ದೂ ತೊಂದರೆಯಿಲ್ಲ! ಇದನ್ನು ನಾನು ಗಮನಿಸಿರಲೇ ಇಲ್ಲ. ಈ ವೇಳೆಗಳನ್ನು ಎಲ್ಲೋ ಕೇಳಿದ್ದೇನೆ, ಎಲ್ಲಿ? ನಮ್ಮಜ್ಜಿ ನನ್ನನ್ನು ಹೊಸಿಲಲ್ಲಿ ತಡೆದು ನಿಲ್ಲಿಸಿ ಗೊಣಗುತ್ತಿದ್ದ ವೇಳೆಗಳಲ್ಲವೇ ಇವು? ತಲೆಯೆತ್ತಿದರೆ ಮೂರ್ತಿಗಳ ಬೆನ್ನ ಹಿಂದೆ ಗೋಡೆಯ ಕ್ಯಾಲೆಂಡರು. ಎದ್ದು ಹೋಗಿ ಬೆರಳಿಟ್ಟು ಓದಿದೆ. ಸೋಮವಾರದ್ದು ಏಳೂವರೆಯಿಂದ ಒಂಬತ್ತು, ಶನಿವಾರದ್ದು ಒಂಬತ್ತಕ್ಕೇ ಶುರು. ನಮ್ಮ ಬಾಗಿಲು ತೆರೆಯುವುದೇ ಹತ್ತಕ್ಕೆ. ಅಯ್ಯೋ ದೇವರೇ, ನಮ್ಮ ಫೈಲಿಗೆ ರಾಹುಕಾಲ ಹಿಡಿದಿತ್ತು!

ಶುಕ್ರವಾರ ಗಿರಿಜಾಗೆ ಕಂಪ್ಯೂಟರ್ ಹಚ್ಚಲೇಬೇಡಿ ಎಂದೆ. ಪ್ಲಗ್ಗನ್ನೂ ಕಿತ್ತಿಟ್ಟೆ. ಮೇಡಂ ಬಳಿ ಹೋಗಿ, “ಇವತ್ತು ಹತ್ತೂ ಇಪ್ಪತ್ತೈದಕ್ಕೆ ಬೀಗ ಬೀಳತ್ತೆ ಮೇಡಂ, ನೋಡ್ತಾ ಇರಿ” ಎಂದೆ. “ನೀನೇನು ಜ್ಯೋತಿಷಿನಾ?” ಎಂದರು. ಹತ್ತೂ ಇಪ್ಪತ್ತು. ಇಪ್ಪತ್ತೆರಡು. ಗಿರಿಜಾ ಸೆರಗಿನ ತುದಿ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು.

“ಅಯ್ಯೋ, ನಿಂತೇಹೋಯ್ತು!” ಎಂದು ಮೇಡಂ ಕೂಗಿದರು.

ನಾನು ಕುಣಿದುಬಿಟ್ಟೆ. ಸಂಸ್ಥೆಯ ಕೆಲಸ ನಿಂತಿತೆಂದು ಕುಣಿದ ನೌಕರ ನಾನೊಬ್ಬನೇ ಇರಬೇಕು. ಜಾತಕ ಹಿಡಿದು ಕೂತಿದ್ದ ದಂಪತಿ ಗಾಬರಿಯಾಗಿ ಎದ್ದು ನಿಂತರು. ಇನ್ನು ಉಳಿದದ್ದು ಒಂದೇ ಕಂಪ್ಯೂಟರ್, ಎಲ್ಲರನ್ನೂ ಕರೆದುಕೊಂಡು ಮೂರ್ತಿಗಳ ಮೇಜಿಗೆ ಹೋದೆ. ಅವರು ಕೈಕಟ್ಟಿ ನಿಜಕ್ಕೂ ಸುಮ್ಮನೆ ಕೂತಿದ್ದರು. ತೆರೆಯ ಮೇಲೆ ಹೊಸ ಹೆಸರಿನ ಖಾಲಿ ನಮೂನೆ, ಅದರ ಮೊದಲ ಮನೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ‘ಶ್ರೀ’.

“ಒಂದು ಮಗು ಮದುವೆ ವಿಷ್ಯ ಕಣಯ್ಯಾ,” ಎಂದರು ಮೂರ್ತಿಗಳು. “ರಾಹುಕಾಲದಲ್ಲಿ ಶುರು ಮಾಡಕ್ಕಾಗತ್ತಾ? ಮುಂಚೇನೇ ಶ್ರೀ ಹಾಕ್ಬಿಟ್ರೆ ಶುರುವಾದಂಗೆ. ಕಾಲ ಕಳೆದ್ಮೇಲೆ ತುಂಬ್ಕೊಂಡ್ರಾಯ್ತು. ರಿಜಿಸ್ಟರ್‌ನಲ್ಲೂ ಹಂಗೇ ಮಾಡ್ತಿದ್ದೆ. ಯಾಕೆ, ಏನಾಯ್ತೀಗ?”

ರಿಜಿಸ್ಟರಿನಲ್ಲಿ ಆ ‘ಶ್ರೀ’ ಪಾಪ ತನ್ನ ಪಾಡಿಗೆ ತಾನಿತ್ತು. ಇಲ್ಲಿ ಅರ್ಧ ಬರೆದು ಬಿಟ್ಟ ಆ ಮಂಗಳಾಕ್ಷರ ಇಡೀ ಜಯನಗರದ ಮದುವೆಗಳನ್ನು ತಡೆದು ನಿಲ್ಲಿಸಿತ್ತು. ನಾನು ವಿವರಿಸುತ್ತಿದ್ದಂತೆ ಮೂರ್ತಿಗಳ ಮುಖ ಇಳಿಯಿತು. ಎದ್ದು ಗಿರಿಜಾ ಬಳಿ ಹೋಗಿ, “ತಪ್ಪು ನಂದು, ಬೈಸ್ಕೊಂಡಿದ್ದು ನೀನು. ಬೇಜಾರು ಮಾಡ್ಕೋಬೇಡಮ್ಮ” ಎಂದರು. ಮೇಡಂ ಕೂಡ ಎಲ್ಲರೆದುರು ಆಡಿದ್ದನ್ನು ಎಲ್ಲರೆದುರೇ ವಾಪಸ್ ತೆಗೆದುಕೊಂಡರು. ಬಾಕಿ ಉಳಿದವನು ನಾನು.

“ಗಿರಿಜಾ, ಸೋಮವಾರದ ವಿಷಯ ಮೇಡಂಗೆ ಹೇಳಿದ್ದು ನಾನೇ. ಕ್ಷಮಿಸಿ.”

“ಗೊತ್ತೈತ್ರೀ ಸರ. ಅದನ್ನೂ ಬರದಿಟ್ಟೀನಿ.”

ಆಫೀಸಿಗೆ ಆಫೀಸೇ ನಕ್ಕಿತು. ಏನೂ ಅರ್ಥವಾಗದ ಆ ದಂಪತಿಯೂ ನಕ್ಕರು. ಆವತ್ತು ನಾಲ್ಕೂ ಜನ ಕೆಳಗೆ ಹೋಗಿ ಮಸಾಲೆದೋಸೆ ತಿಂದೆವು. ಅಂಥ ದೋಸೆ ಆಮೇಲೆ ನನಗೆ ಸಿಕ್ಕಿಲ್ಲ.

ಮರುದಿನ ನಾಲ್ಕು ಕಂಪ್ಯೂಟರಿಗೂ ಬೇರೆ ಬೇರೆ ಹೆಸರಿಟ್ಟೆ. ತೆರೆಯ ಮೇಲೆ ‘ಶ್ರೀ’ ಎಂಬ ಒಂದು ಬಟನ್ ಮಾಡಿಕೊಟ್ಟೆ. ಒತ್ತಿದರೆ ಹೊಸ ಸಾಲು ಹುಟ್ಟಿ, ಶ್ರೀ ಬಿದ್ದು, ಸೇವ್ ಆಗಿ, ಫೈಲು ತಾನೇ ಮುಚ್ಚಿಕೊಳ್ಳುವುದು. ಮೂರ್ತಿಗಳು ಅದನ್ನು ಒತ್ತಿ ನೋಡಿ, “ಇದನ್ನ ಮೊದ್ಲೇ ಮಾಡಕ್ಕೇನಾಗಿತ್ತಯ್ಯಾ?” ಎಂದರು. ನೋಟ್‌ಬುಕ್ಕಿನ ಹುಡುಗಿಗೆ ಮೇಡಂ ಆರು ತಿಂಗಳಲ್ಲೇ ಎಲ್ಲ ಕಂಪ್ಯೂಟರುಗಳ ಉಸ್ತುವಾರಿ ವಹಿಸಿದರು. ನನ್ನದೂ ಸೇರಿ. ನನಗೆ ಹೊಟ್ಟೆಕಿಚ್ಚಾಗಲಿಲ್ಲವೇ ಎಂದರೆ, ಒಂದು ವಾರ ಆಯಿತು.

ಇದನ್ನೆಲ್ಲ ಬರೆಯೋಣವೆಂದು ಇವತ್ತು ಕಂಪ್ಯೂಟರಿನ ಮುಂದೆ ಕೂತಾಗ ಗಡಿಯಾರದಲ್ಲಿ ಹತ್ತೂ ಇಪ್ಪತ್ತೈದು. ಶುಕ್ರವಾರ ಬೇರೆ. ನನಗೆ ರಾಹುಕಾಲದಲ್ಲಿ ನಂಬಿಕೆಯಿಲ್ಲ. ಆದರೂ ಹಾಳೆಯ ನೆತ್ತಿಯ ಮೇಲೆ ‘ಶ್ರೀ’ ಎಂದು ಟೈಪಿಸಿ ಎದ್ದೆ. ಗೋಡೆಗೆ ಮೊಳೆ ಹೊಡೆದು ಕ್ಯಾಲೆಂಡರು ನೇತುಹಾಕಿ, ಗಿರಿಜಾಗೆ ಫೋನ್ ಮಾಡಿ, ಹೀಗೆ ಮಾಡಿದೆ ನೋಡಿ ಎಂದು ಹೇಳಿದೆ. ಆ ಕಡೆಯಿಂದ ಅವಳು ಜೋರಾಗಿ ನಕ್ಕಳು.

“ಸೇವ್ ಮಾಡಿ ಮುಚ್ಚೀರಿ ಹೌದಿಲ್ಲೋ, ಸರ?”

ಮುಚ್ಚಿರಲಿಲ್ಲ. ಓಡಿದೆ.